ಚರ್ಚ್‌ಗೇಟಿನ ಚರ್ಚು ಎಲ್ಲಿದೆ?

ಚರ್ಚ್‌ಗೇಟ್ ಸ್ಟೇಶನ್ ಎಲ್ಲಿದೆ ಅಂತ ಯಾರನ್ನಾದರೂ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆ ಚರ್ಚು ಎಲ್ಲಿದೆ ಅಂತ ಕೇಳಿ, ಮುಖ ಮುಖ ನೋಡುತ್ತಾರೆ. ಕಾರಂತರ ‘ಅಪೂರ್ವ ಪಶ್ಚಿಮ’ ಓದಿ ಯುರೋಪು ಸುತ್ತುವ ಆಸೆ ನಮಗಿದೆ. ಆದರೆ ಇಂಗ್ಲಿಷರ ಹಳೆಯ ಚರ್ಚೊಂದನ್ನು ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಘಣಸೋಲಿಯಲ್ಲಿ ಲೋಕಲ್ ಹತ್ತಿ, ವಾಶಿಯಲ್ಲಿ ಗಾಡಿ ಬದಲಿಸಿ, ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಸ್ವಲ್ಪ ನಡೆದರಾಯಿತು.

ಅದು ಫೋರ್ಟಿನ ಹಾರ್ನಿಮನ್ ಸರ್ಕಲ್ ಪಕ್ಕದ ಸೇಂಟ್ ಥಾಮಸ್ ಕೆಥೆಡ್ರಲ್. ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರ್ ಆಂಜಿಯರ್ ಕಾಲದಲ್ಲಿ, 1670ರ ದಶಕದಲ್ಲಿ, ಕೆಲಸ ಶುರುವಾಗಿ ಅರ್ಧಕ್ಕೇ ನಿಂತಿತು. ಮುಂದೆ ರಿಚರ್ಡ್ ಕಾಬ್ ಎಂಬ ಪಾದ್ರಿ ಚಂದಾ ಎತ್ತಿದ ಮೇಲೆ 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಈ ಚರ್ಚಿಗೆ ಹೋಗುವ ದಾರಿಯಲ್ಲಿದ್ದ ಕೋಟೆಬಾಗಿಲೇ ಚರ್ಚ್‌ಗೇಟ್. 1860ರ ದಶಕದಲ್ಲಿ ಕೋಟೆ ಕೆಡವಿದರು, ಹೆಸರು ಮಾತ್ರ ಉಳಿಯಿತು. ಮುಂಬಯಿಯ ಹಳೇ ಮೈಲಿಗಲ್ಲುಗಳ ಲೆಕ್ಕ ಶುರುವಾಗುತ್ತಿದ್ದದ್ದೂ ಇಲ್ಲಿಂದಲೇ.

ಪರಧರ್ಮದ ಗುಡಿಯಲ್ಲಿ ನಮಗೇನು ಕೆಲಸ ಅಂತ ಕೆಲವರು ಕೇಳಬಹುದು. ಬೇಲೂರು ನೋಡಲು ಬರುವವರೆಲ್ಲ ಚೆನ್ನಕೇಶವನ ಭಕ್ತರೇ? ಇನ್ನು ಕೆಲವರು, ಅದು ಗುಲಾಮಗಿರಿಯ ಗುರುತು ಅನ್ನುತ್ತಾರೆ. ಅದು ಸುಳ್ಳಲ್ಲ. ಅದಕ್ಕೇ ಹೋಗಿ ಓದಬೇಕು ಅನ್ನುವುದು ನನ್ನ ವಾದ.

ಒಳಗೆ ಗೋಡೆ ತುಂಬ ಸ್ಮಾರಕಗಳು. ನಮ್ಮೂರ ವೀರಗಲ್ಲುಗಳ ಹಾಗೆ ಇವುಗಳಲ್ಲೂ ಬರೀ ಹೊಗಳಿಕೆ. ಗವರ್ನರ್ ಜೊನಾಥನ್ ಡಂಕನ್ ಶಿಶುಹತ್ಯೆ ತಡೆದ ಪುಣ್ಯವಂತ ಅಂತ ಅವನ ಸ್ಮಾರಕ ಸಾರುತ್ತದೆ. ಇರಲಿ, ಒಳ್ಳೆ ಕೆಲಸವೇ. ಆದರೆ ಕಾಮರ್ಸ್ ಓದುವವನಿಗೆ ಇದು ಜಮಾ ಪುಟ ಮಾತ್ರ ತೋರಿಸುವ ಖಾತೆಪುಸ್ತಕದಂತೆ ಕಾಣುತ್ತದೆ. ಕಂಪೆನಿ ಇಲ್ಲಿಂದ ಹೊತ್ತೊಯ್ದದ್ದರ ಪುಟ ಎಲ್ಲಿ? ಕಲ್ಲು ಹೊತ್ತವರ ಹೆಸರು ಎಲ್ಲಿ?

ಇನ್ನೊಂದು ಮಾತು. ಎರಡು ಮಳೆಗಾಲವೇ ಮನುಷ್ಯನ ಆಯುಸ್ಸು ಅಂತ ಆಗ ಮುಂಬಯಿಯ ಇಂಗ್ಲಿಷರು ಹೇಳಿಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆ ಸಮುದ್ರ ದಾಟಿ ಬಂದು ಇಲ್ಲೇ ಮಣ್ಣಾದ ಹುಡುಗರೂ ಅವರಲ್ಲಿದ್ದರು. ಅವರಲ್ಲಿ ಕೆಲವರಿಗಾದರೂ ಒಂದು ಕಲ್ಲು ಸಿಕ್ಕಿತು. ಇದೇ ಫೋರ್ಟಿನಲ್ಲಿ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದ ನಮ್ಮ ದಕ್ಷಿಣ ಕನ್ನಡದ ಹುಡುಗರಿಗೆ ಯಾವ ಕಲ್ಲಿದೆ? ಊರು ಬಿಟ್ಟು ಬಂದವರ ಕಷ್ಟ ಒಂದೇ ಇರಬಹುದು, ಆದರೆ ಬರೆದಿಟ್ಟವರದ್ದು ಮಾತ್ರ ಉಳಿಯುತ್ತದೆ.

ಆದ್ದರಿಂದ ನಮ್ಮ ಸಂಘದ ಈ ವರ್ಷದ ಪಿಕ್‌ನಿಕ್ಕು ವಾಟರ್ ಪಾರ್ಕಿಗೆ ಬೇಡ. ಪ್ರಾರ್ಥನೆಯ ಹೊತ್ತು ತಪ್ಪಿಸಿ ಚರ್ಚಿಗೆ ಹೋಗೋಣ, ಕಂಡದ್ದನ್ನು ಕನ್ನಡದಲ್ಲಿ ಬರೆದುಕೊಳ್ಳೋಣ. ಬರುವಾಗ ಫೋರ್ಟಿನ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ, ಗಲ್ಲೆಯಲ್ಲಿ ಕೂತ ಹಿರಿಯರನ್ನು ಮಾತಾಡಿಸೋಣ. ಯಾವ ಇಸವಿಯಲ್ಲಿ ಬಂದಿರಿ, ಎಲ್ಲಿ ಮಲಗುತ್ತಿದ್ದಿರಿ, ಯಾವ ಶಾಲೆ ಅಂತ ಕೇಳೋಣ. ಮುಂದಿನ ಸಂಚಿಕೆಯಲ್ಲಿ ಈ ಎರಡು ಬರಹಗಳೂ ಅಕ್ಕಪಕ್ಕ ಬರಲಿ. ಬರುವವರು ಹೆಸರು ಕೊಡಿ.