ಪಾಲು ಕಂಪನಿಗೆ, ಸಂಬಳದ ಹೊರೆ ಇನ್ನೊಬ್ಬರಿಗೆ

2013ರಲ್ಲಿ ಮೆಕ್‌ಡೊನಾಲ್ಡ್ಸ್, ವೀಸಾ ಕಂಪನಿಯ ಜೊತೆ ಸೇರಿ, ಅಮೆರಿಕದ ತನ್ನ ಮಳಿಗೆಗಳ ಕೆಲಸಗಾರರಿಗೆಂದು ತಿಂಗಳ ಖರ್ಚಿನ ಮಾದರಿ ಲೆಕ್ಕವೊಂದನ್ನು ಕೊಟ್ಟಿತು. ಮೊದಲ ಕೆಲಸದಿಂದ ಬರುವ ಸಂಬಳ 1,105 ಡಾಲರ್. ಅದರ ಕೆಳಗೇ ಎರಡನೇ ಕೆಲಸದಿಂದ 955 ಡಾಲರ್. ಮನೆ ಬಾಡಿಗೆ 600, ಆರೋಗ್ಯ ವಿಮೆ 20, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಸೊನ್ನೆ. ಒಂದೇ ಕೆಲಸದ ಸಂಬಳದಲ್ಲಿ ಬದುಕು ಸಾಗುವುದಿಲ್ಲ ಎಂದು ಆ ಲೆಕ್ಕವೇ ಒಪ್ಪಿಕೊಂಡಿತ್ತು.

ಆದರೆ ಆ ಸಂಬಳ ಕೊಡುವವರು ಯಾರು ಎಂದು ಕೇಳಿದರೆ ಕಂಪನಿ, ತನ್ನ ಹೆಸರು ಬಳಸಲು ಹಕ್ಕು ಪಡೆದ ಫ್ರಾಂಚೈಸಿ ಮಾಲೀಕರತ್ತ ಬೆರಳು ತೋರಿಸುತ್ತದೆ. ಜಗತ್ತಿನಾದ್ಯಂತ ಇರುವ 40,000ಕ್ಕೂ ಹೆಚ್ಚು ಮಳಿಗೆಗಳಲ್ಲಿ ಶೇ 95ರಷ್ಟನ್ನು ನಡೆಸುವವರು ಅವರೇ. ಕಂಪನಿಯ ದೊಡ್ಡ ಆದಾಯ ಬರ್ಗರ್‌ನಿಂದ ಬರುವುದಿಲ್ಲ. ಜಾಗ ಹಿಡಿದು ಮಾಲೀಕರಿಗೆ ಬಾಡಿಗೆಗೆ ಕೊಡುವ ಉಪಾಯವನ್ನು ಕಂಪನಿಯ ಅಧಿಕಾರಿ ಹ್ಯಾರಿ ಸೊನೆಬಾರ್ನ್ 1956ರಲ್ಲೇ ಹೂಡಿದ್ದರು. 2023ರಲ್ಲಿ ಫ್ರಾಂಚೈಸಿಗಳಿಂದ ಬಂದ ಸುಮಾರು 1,540 ಕೋಟಿ ಡಾಲರ್‌ನಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಬಾಡಿಗೆಯೇ.

ಹೊಸದಾಗಿ ಮಳಿಗೆ ತೆರೆಯುವ ಅಮೆರಿಕದ ಮಾಲೀಕ 2024ರಿಂದ ಮಾರಾಟದ ಶೇ 5ರಷ್ಟನ್ನು ರಾಯಲ್ಟಿಯಾಗಿ ಕೊಡಬೇಕು. ಜಾಹೀರಾತಿಗೆ ಕನಿಷ್ಠ ಶೇ 4, ಅದರ ಮೇಲೆ ಬಾಡಿಗೆ. ಇದೆಲ್ಲ ಲಾಭದ ಮೇಲಲ್ಲ, ಮಾರಾಟದ ಮೇಲೆ. ಅಂಗಡಿ ನಷ್ಟದಲ್ಲಿದ್ದರೂ ಕಂಪನಿಯ ಪಾಲು ಮೊದಲೇ ಕೈಸೇರುತ್ತದೆ. ಮಾಂಸ, ಬ್ರೆಡ್ಡು, ಎಣ್ಣೆಯನ್ನು ಕಂಪನಿ ಒಪ್ಪಿದ ಕಡೆಯಿಂದಲೇ ಕೊಳ್ಳಬೇಕು. ಇಷ್ಟಾದ ಮೇಲೆ ಮಾಲೀಕ ಕತ್ತರಿ ಹಾಕಲು ಉಳಿಯುವುದು ಕೆಲಸಗಾರರ ಗಂಟೆಗಳು ಮಾತ್ರ: ಎಣ್ಣೆ ಬಾಣಲೆಯ ಮುಂದೆ ಇಬ್ಬರಿರಬೇಕಾದಲ್ಲಿ ಒಬ್ಬರು, ರಾತ್ರಿ ಬಾಗಿಲು ಹಾಕಿದವರೇ ಬೆಳಿಗ್ಗೆ ಬಾಗಿಲು ತೆಗೆಯುವುದು. ಅದೂ ಸಾಲದೆಂಬಂತೆ, ಒಂದು ಮಳಿಗೆಯವರನ್ನು ಅದೇ ಬ್ರ್ಯಾಂಡಿನ ಇನ್ನೊಂದು ಮಳಿಗೆ ಕೆಲಸಕ್ಕೆ ತೆಗೆದುಕೊಳ್ಳಬಾರದೆಂಬ ಷರತ್ತು ಅನೇಕ ಸರಣಿಗಳ ಒಪ್ಪಂದದಲ್ಲಿತ್ತು. 2018ರಲ್ಲಿ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಬೆನ್ನುಬಿದ್ದ ಮೇಲೆ ಹಲವು ಕಂಪನಿಗಳು ಅದನ್ನು ಕೈಬಿಟ್ಟವು.

ಅಮೆರಿಕದ ಕೇಂದ್ರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫಾಸ್ಟ್‌ಫುಡ್ ಕೆಲಸಗಾರರು 15 ಡಾಲರ್ ಕೇಳಿ ಬೀದಿಗಿಳಿದರು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. ದೇಶದಲ್ಲಿ ಕನಿಷ್ಠ 60 ಮಳಿಗೆಗಳಿರುವ ಫಾಸ್ಟ್‌ಫುಡ್ ಸರಣಿಗಳಿಗೆ 2024ರ ಏಪ್ರಿಲ್ 1ರಿಂದ 20 ಡಾಲರ್ ಕಡ್ಡಾಯವಾಯಿತು. ಕೆಲಸ ಕಡಿಮೆಯಾಯಿತೇ ಎಂಬ ಬಗ್ಗೆ ಅಲ್ಲಿನ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. 1992ರಲ್ಲಿ ನ್ಯೂಜೆರ್ಸಿ ವೇತನ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಫಾಸ್ಟ್‌ಫುಡ್ ಮಳಿಗೆಗಳ ಸಮೀಕ್ಷೆ ಮಾಡಿದ್ದರು. ಕೆಲಸ ಕುಸಿದದ್ದು ಅವರಿಗೆ ಕಾಣಲಿಲ್ಲ.

ಈ 20 ಡಾಲರ್ ತಂದ ಕ್ಯಾಲಿಫೋರ್ನಿಯಾದ ಮಸೂದೆಯಲ್ಲಿ ಮೊದಲು ಇನ್ನೊಂದು ಅಂಶವಿತ್ತು: ಮಳಿಗೆಯಲ್ಲಿ ಕಾರ್ಮಿಕ ಕಾನೂನು ಮುರಿದರೆ ಬ್ರ್ಯಾಂಡ್ ಕಂಪನಿಯೂ ಹೊಣೆ. 2023ರ ಸೆಪ್ಟೆಂಬರ್ ಸಂಧಾನದಲ್ಲಿ ಅದನ್ನು ತೆಗೆದುಹಾಕಿದರು. 20 ಡಾಲರ್ ಬಂತು, ಕಂಪನಿಯ ಹೊಣೆ ಹೋಯಿತು. ಇದು ದುಬಾರಿ ವಿನಿಮಯ. ಕೂಲಿಯ ಭಾರವೆಲ್ಲ ಫ್ರಾಂಚೈಸಿ ಮಾಲೀಕನ ಹೆಗಲಿಗೆ ಬಿತ್ತು, ಮಾರಾಟದ ಮೇಲಿನ ಪಾಲು ಮಾತ್ರ ಹಾಗೆಯೇ ಉಳಿಯಿತು.

ಕಂಪನಿಯನ್ನೇ ಮಣಿಸಬಹುದು ಎಂಬುದಕ್ಕೆ ಉದಾಹರಣೆಯಿದೆ. ಡೆನ್ಮಾರ್ಕಿನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. 1988–89ರಲ್ಲಿ ಬಂದರಿನ ಕಾರ್ಮಿಕರು ಮೆಕ್‌ಡೊನಾಲ್ಡ್ಸ್ ಸರಕು ಇಳಿಸಲಿಲ್ಲ, ಮುದ್ರಣ ಕಾರ್ಮಿಕರು ಲೋಟಗಳ ಮೇಲೆ ಹೆಸರು ಅಚ್ಚು ಹಾಕಲಿಲ್ಲ. ಕೊನೆಗೆ ಕಂಪನಿ ಕಾರ್ಮಿಕ ಸಂಘದ ಜೊತೆ ವೇತನ ಒಪ್ಪಂದಕ್ಕೆ ಬಂತು.

ನಮ್ಮಲ್ಲೂ ಇದಕ್ಕೊಂದು ಮಾದರಿಯಿದೆ. ಆ್ಯಪ್ ಕಂಪನಿಗಳೂ ಡೆಲಿವರಿ ಹುಡುಗರು ತಮ್ಮ ನೌಕರರಲ್ಲ ಎನ್ನುತ್ತವೆ. ಆದರೂ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ಶುಲ್ಕವನ್ನು ಆ ಕಂಪನಿಗಳ ಮೇಲೆಯೇ ಹಾಕಿದೆ. ಫ್ರಾಂಚೈಸಿಗೂ ಇದೇ ದಾರಿ ಸರಿ: ಬಾಕಿ ಸಂಬಳಕ್ಕೆ ಬ್ರ್ಯಾಂಡ್ ಕಂಪನಿ ಜಂಟಿ ಹೊಣೆಯಾಗಲಿ, ಕನಿಷ್ಠ ವೇತನ ಏರಿದಾಗಲೆಲ್ಲ ರಾಯಲ್ಟಿ ಮತ್ತು ಬಾಡಿಗೆಯ ದರವನ್ನು ಮರುಪರಿಶೀಲಿಸುವ ಷರತ್ತು ಪ್ರತಿ ಒಪ್ಪಂದದಲ್ಲೂ ಕಡ್ಡಾಯವಾಗಲಿ.