ಕಲ್ಲಿಗೆ ಬೇಲಿ, ಹಾಡಿಗೆ ಬರೀ ಚಪ್ಪಾಳೆ

ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರಕ್ಕೆ ಬಳೆಮಂಟಪ ಅಂತ ಹೆಸರು. ಸೂರಿನ ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ ತೂಗುತ್ತದೆ. ಹದಿನಾಡಿನ ಪಾಳೆಯಗಾರರು ಕಟ್ಟಿಸಿದ್ದು. ಇತಿಹಾಸ ಪಾಠ ಮಾಡುವ ನನ್ನ ಗೆಳೆಯ ಅದರ ಮುಂದೆ ಒಂದು ಗಂಟೆ ನಿಂತ. ಆಮೇಲೆ, ಈಗ ವಸ್ತುಸಂಗ್ರಹಾಲಯವಾಗಿರುವ ದಿವಾನ್ ಪೂರ್ಣಯ್ಯನವರ ಬಂಗಲೆಗೆ ಹೋದೆವು. 1807ರಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ಸಿಕ್ಕಿತ್ತು. ಅಲ್ಲೂ ಆತ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡ.

ಕೊಳ್ಳೇಗಾಲದಲ್ಲಿ ಊಟ ಮುಗಿಸಿ ಹನೂರು ಸೀಮೆಯ ಚಿಕ್ಕಲ್ಲೂರಿಗೆ ಹೊರಟೆವು. ಸಿದ್ದಪ್ಪಾಜಿಯ ಗದ್ದುಗೆಯ ಹತ್ತಿರ ನೀಲಗಾರರೊಬ್ಬರು ತಂಬೂರಿ ಹಿಡಿದು ಹಾಡುತ್ತಿದ್ದರು. ಗೆಳೆಯ ಹತ್ತು ನಿಮಿಷ ಕೇಳಿದ, ನೂರು ರೂಪಾಯಿ ಕೊಟ್ಟ, ಟಿಪ್ಪಣಿ ಪುಸ್ತಕ ತೆಗೆಯಲೇ ಇಲ್ಲ. "ಇದು ಜಾನಪದ ಕಣೋ, ನಿನ್ನ ಸಬ್ಜೆಕ್ಟು. ನಡಿ, ಹೊತ್ತಾಯ್ತು" ಅಂದ.

ಆ ಮಾತಿನ ಮೇಲೆ ನನ್ನ ತಕರಾರು. ಅದು ಅವನೊಬ್ಬನ ಮಾತಲ್ಲ, ನಮ್ಮ ವಿಶ್ವವಿದ್ಯಾಲಯಗಳೇ ಹಾಗೆ ಪಾಲು ಮಾಡಿಕೊಂಡಿವೆ. ಕಲ್ಲಿನ ಮೇಲೆ ಕೆತ್ತಿದ್ದು ಇತಿಹಾಸ, ಬಾಯಲ್ಲಿ ಉಳಿದದ್ದು ಜಾನಪದ. ಮೊದಲನೆಯದಕ್ಕೆ ಬೇಲಿ, ಕಾವಲುಗಾರ, ಫಲಕ. ಎರಡನೆಯದಕ್ಕೆ ಸರ್ಕಾರಿ ಉತ್ಸವದಲ್ಲಿ ಹದಿನೈದು ನಿಮಿಷ ಮತ್ತು ಚಪ್ಪಾಳೆ.

ಹಾಡಿಗೆ ತೇದಿ ಇಲ್ಲ, ಅದರಲ್ಲಿ ಪವಾಡಗಳಿವೆ ಅನ್ನುತ್ತಾರೆ. ತೇದಿಯ ಮಾತು ನಿಜ. ಆದರೆ ಶಾಸನದ ಕವಿ ತನ್ನ ದೊರೆಯನ್ನು ಇಂದ್ರ ಚಂದ್ರ ಎಂದು ಹೊಗಳಿದಾಗ ನಾವು ಆ ಕಲ್ಲನ್ನು ಎಸೆಯುತ್ತೇವೆಯೇ? ಹೊಗಳಿಕೆಯನ್ನು ಸೋಸಿ ದಾನ, ತೆರಿಗೆ, ಊರಿನ ಹೆಸರು ಹೆಕ್ಕಿಕೊಳ್ಳುತ್ತೇವೆ. ಆ ತಾಳ್ಮೆ ನೀಲಗಾರರ ಪಾಲಿಗೆ ಯಾಕಿಲ್ಲ? ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗುತ್ತಾನೆ, ಅಲ್ಲಿನ ಪಾಂಚಾಳರು ಕೊಡದೆ ಕಾಡುತ್ತಾರೆ. ಸಿದ್ದಪ್ಪಾಜಿಯೂ ಮೊದಲು ಕೆಂಪಾಚಾರಿ, ಪಾಂಚಾಳರ ಮನೆಯ ಮಗ. ಪವಾಡವನ್ನು ಬದಿಗಿಟ್ಟು ನೋಡಿ: ಕಬ್ಬಿಣ ಯಾರ ಕೈಯಲ್ಲಿತ್ತು, ಕೇಳಿದವರು ಯಾರು, ಇಲ್ಲವೆನ್ನುವ ಅಧಿಕಾರ ಯಾರದು? ಪಾಳೆಯಗಾರರ ಯಾವ ಶಾಸನ ಇಷ್ಟು ಹೇಳೀತು?

ಕಲ್ಲಿನ ದಾಖಲೆಯೂ ಅಷ್ಟೇನೂ ನಿಷ್ಪಕ್ಷಪಾತಿಯಲ್ಲ. ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟದಲ್ಲಿ ಯಳಂದೂರು ಇದೆ, ಪಕ್ಕದ ಕೊಳ್ಳೇಗಾಲ ಇಲ್ಲ. ಆಗ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರಿಗೆ ಬಂದದ್ದು 1956ರಲ್ಲಿ. ನೀಲಗಾರರ ಹಾಡು ಮಾತ್ರ ಈ ಗಡಿಯನ್ನು ಕೇಳದೆ ಮಳವಳ್ಳಿ ಕಡೆಯಿಂದ ಚಿಕ್ಕಲ್ಲೂರಿಗೆ ನಡೆದು ಬರುತ್ತಿತ್ತು.

ಬೇರೆ ಕಡೆಯ ವಿದ್ವಾಂಸರು ಈ ಬೇಲಿ ದಾಟಿ ಬಹಳ ದಿನವಾಯಿತು. ಗ್ವಾಟೆಮಾಲಾದ ಕಿಚೆ ಮಾಯಾ ಜನ ತಮ್ಮ ಹಳೆಯ ಕಥನವಾದ ಪೋಪೋಲ್ ವೂ ಅನ್ನು ಸ್ಪೇನಿನವರು ಬಂದ ಮೇಲೆ, ಹದಿನಾರನೇ ಶತಮಾನದಲ್ಲಿ, ಲಿಪಿಗಿಳಿಸಿದರು. ಸಾನ್ ಬಾರ್ತೊಲೊದಲ್ಲಿ 2001ರಲ್ಲಿ ಸಿಕ್ಕ ಎರಡು ಸಾವಿರ ವರ್ಷ ಹಳೆಯ ಭಿತ್ತಿಚಿತ್ರಗಳನ್ನು ಓದುವಾಗಲೂ ಸಂಶೋಧಕರು ಆ ಕಥನದತ್ತ ತಿರುಗುತ್ತಾರೆ. ಅಲ್ಲಿ ಕಥೆ ಕಲ್ಲಿಗೆ ಸಾಕ್ಷಿ.

ಇದು ಬರೀ ಪಠ್ಯಕ್ರಮದ ಜಗಳವಾಗಿದ್ದರೆ ಬಿಡಬಹುದಿತ್ತು. ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ಇದೆ. ಜಾತಿ ನೋಡದೆ ಒಂದೇ ಸಾಲಿನಲ್ಲಿ ಕೂತು ಬಾಡೂಟ ಮಾಡುವುದು. ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯ ಹೆಸರಿನಲ್ಲಿ ಇದಕ್ಕೆ ಅಡ್ಡಿ ಬಂತು. ಇದು ಬಲಿಯಲ್ಲ, ಊಟ ಎಂದು ಭಕ್ತರು ಪ್ರತಿಭಟಿಸಬೇಕಾಯಿತು. ಸ್ಮಾರಕದ ಒಂದು ಕಲ್ಲು ಕಿತ್ತರೆ ಕೇಸು ಬೀಳುತ್ತದೆ. ಸಹಪಂಕ್ತಿಯ ಒಂದು ಸಾಲು ಕಿತ್ತರೆ ಅದಕ್ಕೆ ಸುಧಾರಣೆ ಎಂಬ ಹೆಸರು. ಆ ಸಾಲನ್ನು ನಾವು ಇತಿಹಾಸವೆಂದು ಒಪ್ಪಿದ್ದರೆ ಅಷ್ಟು ಸಲೀಸಾಗಿ ಅದರ ಮೇಲೆ ಕೈ ಹಾಕಲು ಆಗುತ್ತಿರಲಿಲ್ಲ.

ಬಳೆಮಂಟಪಕ್ಕೆ ಬೇಲಿ ಬೇಡ ಅನ್ನುತ್ತಿಲ್ಲ. ಯಳಂದೂರಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆ ನೀಲಗಾರರ, ಕಂಸಾಳೆಯವರ ಹಾಡಿಗೆ ಇರಲಿ. ಇತಿಹಾಸದ ಎಂ.ಎ. ತರಗತಿಯಲ್ಲಿ ಹಲಗೂರಿನ ಸಾಲು ಆಕರವಾಗಿ ಬರಲಿ. ಮೈಸೂರು ಕಡೆಯ ವಿದ್ಯಾರ್ಥಿಗಳಿಗೆ ಇದು ಒಂದೇ ದಿನದ ದಾರಿ.

ಮುಂದಿನ ಬನದ ಹುಣ್ಣಿಮೆಗೆ ಗೆಳೆಯನನ್ನು ಮತ್ತೆ ಕರೆದಿದ್ದೇನೆ. ಟಿಪ್ಪಣಿ ಪುಸ್ತಕ ಮರೆಯದೆ ತರಬೇಕು, ಊಟಕ್ಕೂ ಕೂರಬೇಕು ಅಂತ ಷರತ್ತು ಹಾಕಿದ್ದೇನೆ. "ನೋಡೋಣ" ಅಂದಿದ್ದಾನೆ.