ಕಥೆಯ ತಕ್ಕಡಿ ಯಾರ ಕೈಯಲ್ಲಿ?

ಬಳಗಾನೂರಿನ ಅಂಗಡಿ ಕಟ್ಟೆಯ ಮೇಲಾಗಲಿ, ಸಿಂಧನೂರಿನ ಅಕ್ಕಿ ಗಿರಣಿಯ ಬಾಗಿಲಲ್ಲಾಗಲಿ, ಕೈಯಲ್ಲಿ ಒಂದು ಕಾದಂಬರಿ ಹಿಡಿದು ನಿಂತರೆ ಸಾಕು, ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಕತಿ ಕಾದಂಬ್ರಿ ಎಲ್ಲಾ ಹೊಟ್ಟಿ ತುಂಬಿದೋರಿಗೆ ರೀ ಮಾಸ್ತರ್ರ, ನಮಗ್ಯಾಕ್ ಬೇಕು?”

ಈ ಮಾತನ್ನು ನಾವು ಒಪ್ಪುವುದಿಲ್ಲ. ಹೊಟ್ಟೆ ತುಂಬಿದವರು ಹೀಗೆಂದರೆ ಆಶ್ಚರ್ಯವೇನಿಲ್ಲ. ದುಡಿಯುವವನೇ ಹೀಗೆಂದಾಗ ಸಂಕಟವಾಗುತ್ತದೆ. ಏಕೆಂದರೆ ಇಂದಿನ ಕನ್ನಡ ಕಥೆಗಳಲ್ಲಿ ಬರುವವನು ಬಹುಪಾಲು ಅವನೇ. ಅವನ ಹಸಿವು, ಅವನ ಉದ್ರಿ, ಅವನ ಮನೆಯ ಹೆಣ್ಣುಮಕ್ಕಳ ಮೌನ, ಇವೇ ಅಲ್ಲಿಯ ಸರಕು. ಸರಕು ಅವನದು, ತೂಗುವ ತಕ್ಕಡಿ ಮಾತ್ರ ಬೇರೆಯವರ ಕೈಯಲ್ಲಿ! ಇದು ಯಾವ ನ್ಯಾಯ?

ತೂಗುವವರು ಹೇಗೆ ತೂಗುತ್ತಾರೆಂಬುದನ್ನೂ ನೋಡಬೇಕು. ಮಿತ್ರನ ಪುಸ್ತಕಕ್ಕೆ ಮಿತ್ರನ ವಿಮರ್ಶೆ. ಮುಂದಿನ ತಿಂಗಳು ಇವನ ಪುಸ್ತಕಕ್ಕೆ ಅವನದು. ಮುನ್ನುಡಿಯಲ್ಲಿ ಹಿರಿಯರ ಆಶೀರ್ವಾದ, ಬೆನ್ನುಡಿಯಲ್ಲಿ ಮತ್ತೊಬ್ಬರ ಹೊಗಳಿಕೆ, ಬಿಡುಗಡೆಯ ದಿನ ಶಾಲು ಹಾರ. ‘ವಿಶಿಷ್ಟ ಸಂವೇದನೆ’, ‘ಅನನ್ಯ ಅಭಿವ್ಯಕ್ತಿ’ ಎಂಬ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಅಡತಿ ಅಂಗಡಿಯಲ್ಲಿ ಇದು ನಡೆದೀತೇ? ಚೀಲಕ್ಕೆ ಚುಚ್ಚಿ, ಕಾಳನ್ನು ಅಂಗೈಯಲ್ಲಿ ಹರಡಿ, ಹಲ್ಲಿನಲ್ಲಿ ಕಚ್ಚಿ ನೋಡದೆ ಯಾವ ವ್ಯಾಪಾರಿ ದರ ಹೇಳುತ್ತಾನೆ?

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 12 ಕಥೆಗಳ ಸಂಗ್ರಹ ಅದು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಸಣ್ಣಕಥೆಗಳ ಸಂಗ್ರಹವೊಂದಕ್ಕೂ ಅದೇ ಮೊದಲು. ನಾವೂ ಹಿಗ್ಗಿದೆವು. ಆದರೆ ಆ ಕಥೆಗಳು 1990ರಿಂದ 2023ರವರೆಗೆ ಕನ್ನಡದಲ್ಲೇ ಬರೆದವು. ಮೂವತ್ತು ವರ್ಷ ನಮ್ಮ ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಕ್ಕಳನ್ನು ಒಳಗೆ ಕರೆಯಲು ಲಂಡನ್ನಿನವರ ಅಪ್ಪಣೆ ಬೇಕಾಯಿತೇ? ಪ್ರಶಸ್ತಿಗೆ ಜಯಕಾರ ಹಾಕಿದವರಲ್ಲಿ ಎಷ್ಟು ಮಂದಿ ಪುಸ್ತಕ ತೆರೆದರು? ಈ ಪ್ರಶ್ನೆಯನ್ನು ನಮ್ಮವರಿಗೂ ಕೇಳುತ್ತೇವೆ.

ದುಡಿಯುವವನು ಓದಿದರೆ ವಿಮರ್ಶೆ ಹೇಗಿರುತ್ತದೆ? ದೇವನೂರ ಮಹಾದೇವರ ‘ಒಡಲಾಳ’ವನ್ನೇ ತೆಗೆದುಕೊಳ್ಳಿ. ಸಾಕವ್ವ ಕಳೆದುಹೋದ ತನ್ನ ಕೋಳಿಯನ್ನು ಹುಡುಕುತ್ತಾಳೆ. ಸಾಹುಕಾರನ ಕಡಲೆಕಾಯಿ ಮೂಟೆ ಕಳವಾಗಿ ಆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಕೂತು ರಾತ್ರಿಯಲ್ಲೇ ಅದನ್ನು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಇದನ್ನು ಗಿರಣಿಯ ಹಮಾಲನೊಬ್ಬನ ಮುಂದೆ ಓದಿ ನೋಡಿ. ಒಂದು ಮೂಟೆ ಶೇಂಗಾದ ಭಾರವೆಷ್ಟೆಂದು ಅವನ ಬೆನ್ನಿಗೆ ಗೊತ್ತು. ಸಣ್ಣ ಅಂಗಡಿಯವನ ಮುಂದೆ ಓದಿ. ಮೂಟೆ ಹೋದರೆ ಖಾತೆಯಲ್ಲಿ ಬೀಳುವ ತೂತು ಅವನಿಗೆ ಗೊತ್ತು. “ಹಸಿದವರು ತಿಂದರು, ತಪ್ಪೇನು?” ಎಂದು ಒಬ್ಬ, “ಬೆವರು ಸುರಿಸಿ ಕೂಡಿಸಿದ್ದಲ್ಲವೇ?” ಎಂದು ಇನ್ನೊಬ್ಬ. ಈ ಜಗಳವೇ ವಿಮರ್ಶೆ. ಇಬ್ಬರೂ ಮನೆಗೆ ಹೋಗುವಾಗ ಎದುರಿನವನ ನೋವನ್ನಿಷ್ಟು ಹೊತ್ತುಕೊಂಡೇ ಹೋಗುತ್ತಾರೆ. ಯಾವ ಪಂಡಿತರ ಲೇಖನದಿಂದ ಇದು ಸಾಧ್ಯ?

ನಮ್ಮ ಪಾಳೆಯಕ್ಕೂ ಒಂದು ಮಾತು ಹೇಳಬೇಕಾಗಿದೆ. ಕಥೆಯ ಕೊನೆಗೆ ಬಾವುಟ ಹಾರದಿದ್ದರೆ ಅದು ಜನರ ಸಾಹಿತ್ಯವಲ್ಲವೆಂದು ತಳ್ಳಿಹಾಕುವವರು ನಮ್ಮಲ್ಲಿದ್ದಾರೆ. ಅವರು ನಿರಂಜನರ ‘ಚಿರಸ್ಮರಣೆ’ಯನ್ನು ಓದಲಿ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ರೈತರು ಎದ್ದರು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಕಾದಂಬರಿ ಬಂದದ್ದು 1955ರಲ್ಲಿ. ಗಲ್ಲಿನ ದಿನಾಂಕ ಸರ್ಕಾರದ ಕಡತದಲ್ಲೂ ಇದೆ. ಕಡತ ಓದಿ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಅಪ್ಪು, ಚಿರುಕಂಡ ಎಂಬ ಹುಡುಗರನ್ನೂ ಅವರ ಮಾಸ್ತರರನ್ನೂ ಜೀವಂತ ಮನುಷ್ಯರನ್ನಾಗಿ ನಮ್ಮೆದುರು ನಿಲ್ಲಿಸಿದ್ದರಿಂದ ಆ ಪುಸ್ತಕ ಉಳಿಯಿತು. ಮನುಷ್ಯನೇ ಇಲ್ಲದ ಕಡೆ ಘೋಷಣೆಯನ್ನು ಕೂಗುವವರಾರು?

ಇನ್ನು ಬರೆಯುವ ಮಾತು. ನಮ್ಮ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯೂ ಉರ್ದು, ದೊಡ್ಡ ಓದೂ ಉರ್ದು. ಕನ್ನಡದ ಅಕ್ಷರ ನಮಗೆ ತಡವಾಗಿ ಸಿಕ್ಕಿತು. ಆದರೆ ಕಥೆಗೆ ಬರವಿದೆಯೇ? ತುಂಗಭದ್ರೆಯ ಎಡದಂಡೆ ಕಾಲುವೆ ಬಂತು; ಜೋಳದ ಹೊಲ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳೆದ್ದವು; ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಸುತ್ತ ಕ್ಯಾಂಪುಗಳಾದವು. ಭೂಮಿ ಮಾರಿದವನು ಅದೇ ಭೂಮಿಗೆ ಕೂಲಿಗೆ ಹೋದದ್ದನ್ನು, ಕಾಲುವೆಯ ಕೊನೆಯ ರೈತ ನೀರಿಗಾಗಿ ರಾತ್ರಿ ಕಾದದ್ದನ್ನು, ನಾಟಿ ಮಾಡುವ ಹೆಣ್ಣುಮಕ್ಕಳ ಬೆನ್ನುನೋವನ್ನು ಬೆಂಗಳೂರಿನವರು ಬಂದು ಬರೆಯಬೇಕೇ? ಶಾಂತರಸರಂಥ, ಅಮರೇಶ ನುಗಡೋಣಿಯವರಂಥ ಬರಹಗಾರರು ಈ ಜಿಲ್ಲೆಯ ಮಣ್ಣಿನಿಂದಲೇ ಎದ್ದವರು.

ಬಳಗಾನೂರಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು. ಅರಸನ ಹೆಸರು ಅದರಲ್ಲಿದೆಯೆಂದು ಎಲ್ಲರೂ ಹೆಮ್ಮೆಪಡುತ್ತಾರೆ. ಹಿರಿದಾದದ್ದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರೆಂಬ ಅರ್ಥದ ಮಾತೂ ಅದೇ ಬಂಡೆಯ ಮೇಲಿದೆ. ಅದನ್ನು ನೆನೆಯುವವರು ಕಡಿಮೆ.

ಆದ್ದರಿಂದ ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ನಾವು ಕೇಳುವುದಿಷ್ಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಪುಸ್ತಕದ ಹಣವನ್ನು ನೀವು ಕೊಟ್ಟೇ ಇದ್ದೀರಿ. ಕೊಟ್ಟ ಹಣಕ್ಕೆ ಸರಕು ಕೇಳಿ. ಊರಿನ ವಾಚನಾಲಯಕ್ಕೆ ಹೋಗಿ ಹೊಸ ಕಥೆ, ಕಾದಂಬರಿ ಎಲ್ಲಿವೆಯೆಂದು ಕೇಳಿ. ಇಲ್ಲವೆಂದರೆ ಅರ್ಜಿ ಬರೆದು ಹತ್ತು ಮಂದಿ ರುಜು ಹಾಕಿ. ಪಾಳಿ ಮುಗಿದ ಮೇಲೆ, ಅಂಗಡಿ ಮುಚ್ಚಿದ ಮೇಲೆ ವಾರಕ್ಕೊಂದು ಗಂಟೆ ಕೂಡಿರಿ. ಓದಬಲ್ಲವನು ಓದಲಿ, ಓದಲಾರದವನು ಕೇಳಲಿ. ಮಾತಾಡುವ ಹಕ್ಕು ಇಬ್ಬರಿಗೂ ಸಮವಿರಲಿ. ಅಲ್ಲಿ ಬಂದ ಮಾತನ್ನು ಅರ್ಧ ಹಾಳೆಯಲ್ಲಿ ಬರೆದು ನಮಗೆ ಕಳಿಸಿ. ಕಾಗುಣಿತ ತಿದ್ದುವ ಕೆಲಸ ನಮ್ಮದು. ಪಂಡಿತರ ಹೊಗಳಿಕೆಗೆ ಈ ಪುಟದಲ್ಲಿ ಜಾಗವಿಲ್ಲದಿದ್ದರೂ ಚಿಂತೆಯಿಲ್ಲ, ನಿಮ್ಮ ಅರ್ಧ ಹಾಳೆಗೆ ಜಾಗವಿದೆ.